ಅಜ್ಜಪ್ಪ ಮೂಸದ ಸಂಪಿಗೆ

ತಿಳವಳ್ಳಿಯ ಗುಡಿ ಅಂಗಳದಲ್ಲಿ ಚೈತ್ರದ ಸಂಪಿಗೆ ಅರಳಿತೆಂದರೆ ಹೂಗಾರ ಅಜ್ಜಪ್ಪ ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತಾನೆ. ಮೂಸಿದ ಹೂವು ದೇವರಿಗೆ ಸಲ್ಲದಲ್ಲ! ಒಮ್ಮೆ ಆ ವೇಷ ಕಂಡ ಹಾನಗಲ್ಲಿನ ಮಾಮಲೇದಾರರು, ಊರಿಗೆ ಪ್ಲೇಗು ಬಂತೆಂದು ಟಾಂಗಾ ತಿರುಗಿಸಿದರಂತೆ. ಮಲ್ಲಿಗೆ ಬಳ್ಳಿಯ ಹತ್ತಿರ ಯಾರಾದರೂ ನಿಂತರೆ, "ಉಸಿರು ಆ ಕಡೆ ಬಿಡ್ರಿ" ಎಂದು ಗದರುತ್ತಾನೆ. ನೆಲಕ್ಕೆ ಬಿದ್ದ ಹೂವು ಪೂಜೆಗೆ ಬಾರದು. ಅದನ್ನು ಹೆಂಡತಿ ಹೊನ್ನವ್ವನಿಗೆ ಒಯ್ಯುತ್ತಿದ್ದ. ತಾನು ಅದನ್ನೂ ಮೂಸುತ್ತಿರಲಿಲ್ಲ. "ರೂಢಿ ಬಿದ್ರ ಗಿಡದಾಗಿನ್ದನ್ನೂ ಮೂಸಿಬಿಡ್ತೇನಿ" ಎಂಬ ಅಂಜಿಕೆ. ಆಯಾ ವರ್ಷದ ಘಮ ಹೇಗಿದೆಯೆಂದು ಅವಳು ಮೂಸಿ ಹೇಳಬೇಕು, ಇವನು ಕಣ್ಣು ಮುಚ್ಚಿ ಕೇಳಬೇಕು. ಹೊನ್ನವ್ವ ಮಾಘದಲ್ಲಿ ತೀರಿಕೊಂಡಳು. ನಿನ್ನೆ ಅಜ್ಜಪ್ಪ ಬಿದ್ದ ಸಂಪಿಗೆಯೊಂದನ್ನು ಹಿಡಿದು ನಮ್ಮ ಕಟ್ಟೆಗೆ ಬಂದ. "ಮಾಸ್ತರ, ಒಂದೀಟು ಮೂಸಿ ಹೇಳ್ರಿ" ಎಂದವನೇ ಕಣ್ಣು ಮುಚ್ಚಿಕೊಂಡ.