ಹೊಟ್ಟೆ ಕಿಟಕಿಯಲ್ಲಿ ಬಾಣಂತನ

ಹೆಣ್ಣು ಮಗು ಹುಟ್ಟಿತು. ನಾನು ಅಜ್ಜಿಯಾದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈಯೇ ಓಡುವುದಿಲ್ಲ. ಎಷ್ಟೋ ವರ್ಷದ ಮಾತು, ಆದರೂ ಬರೆಯುವಾಗ ಇವತ್ತು ಬೆಳಿಗ್ಗೆ ಹುಟ್ಟಿದ ಹಾಗೆಯೇ ಆಗುತ್ತದೆ. ತಲೆ ತುಂಬ ಕೂದಲು, ಎರಡೂ ಮುಷ್ಟಿ ಬಿಗಿ. ಅಳು ಕೇಳಿದರೆ ಶಿರಾಳಕೊಪ್ಪದ ಪೇಟೆ ಬೀದಿಯಲ್ಲಿ ಹೋಗುವವರು ನಿಂತು ಮೇಲೆ ನೋಡಬೇಕು. ನೋಡಿದರು ಕೂಡ. ಬೀದಿಯ ಮೇಲಕ್ಕೆ ಚಾಚಿಕೊಂಡಿದ್ದ ನಮ್ಮ ಕಿಟಕಿಯೇ ಆ ಮಗುವಿನ ಮೊದಲ ಮನೆ.

ಆ ಕಿಟಕಿಯ ಕಥೆ ಹೇಳಬೇಕು.

ಹೊಸ ಪೈಸೆ ಬಂದು ಒಂದು ವರ್ಷವಾಗಿತ್ತು. ನನ್ನ ಯಜಮಾನರು ಮಂಡಿಯೊಂದರಲ್ಲಿ ಗುಮಾಸ್ತರು. ನಾವು ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅಷ್ಟೇ. ಮುಂದಿನ ಕೋಣೆಯಲ್ಲಿ ನಾನು, ಯಜಮಾನರು. ಅಡುಗೆಮನೆಯಲ್ಲಿ ಮಗ, ಸೊಸೆ. ಹಾಸಿಗೆ ಬಿಚ್ಚಿದರೆ ಕಾಲಿಡಲು ಜಾಗವಿಲ್ಲ, ಮಡಚಿದರೆ ಹಾಸಿಗೆ ಇಡಲು ಜಾಗವಿಲ್ಲ. ತವರೂರು ಹೊಸಬಾಳೆಯ ದೊಡ್ಡ ಹಿತ್ತಿಲಿನ ಮನೆಯಲ್ಲಿ ಬೆಳೆದ ನನಗೆ ಮೊದಲ ವರ್ಷವೆಲ್ಲ ಉಸಿರು ಕಟ್ಟಿದ ಹಾಗಿತ್ತು.

ಆ ಮನೆಗಿದ್ದ ಒಂದೇ ಐಶ್ವರ್ಯ ಕಿಟಕಿ. ಕೆಳಗಿನ ಅಂಗಡಿ ಸಾಹುಕಾರರು ಹುಬ್ಬಳ್ಳಿಯಲ್ಲಿ ಎಲ್ಲೋ ನೋಡಿ ಬಂದು ಕಟ್ಟಿಸಿದ್ದಂತೆ. ಗೋಡೆಯಲ್ಲಿ ನಿಲ್ಲದೆ ಬೀದಿಯ ಕಡೆಗೆ ಎರಡು ಮೊಳ ಮುಂದಕ್ಕೆ ಉಬ್ಬಿತ್ತು, ಉಂಡು ಕೂತ ಗಂಡಸಿನ ಹೊಟ್ಟೆಯ ಹಾಗೆ. ಮೂರು ಕಡೆಯೂ ಮರದ ಬಾಗಿಲು. ಒಳಗೆ ಮೊಣಕಾಲೆತ್ತರಕ್ಕೆ ಹಲಗೆ ಹಾಸಿದ ಕಟ್ಟೆ, ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ. ಊರವರು ಅದನ್ನು ಹೊಟ್ಟೆ ಕಿಟಕಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದು ಹಗಲೆಲ್ಲ ಹಾಸಿಗೆ ಪೇರಿಸುವ ಜಾಗ. ಬೇಸಿಗೆಯಲ್ಲಿ ಹಾಸಿಗೆ ಇಳಿಸಿ ಅಲ್ಲೇ ಶಾವಿಗೆ, ಸಂಡಿಗೆ ಒಣಗಿಸುತ್ತಿದ್ದೆ. ಕಾಗೆ ಬಂದರೆ ಮೂರು ಕಡೆಯಿಂದಲೂ ಬರುತ್ತಿತ್ತು.

ಮಗಳನ್ನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ ಕೊಟ್ಟಿದ್ದೆವು. ಗದ್ದೆ, ತೋಟ, ತುಂಬಿದ ಮನೆ. ಮದುವೆಯಾಗಿ ಎರಡನೇ ವರ್ಷ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಅದು ನಡೆದುಬಂದ ರೀತಿ. ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಕರೆದುಕೊಂಡು ಬರಲು ಹೋದಾಗ ನಮ್ಮ ಬೀಗಿತ್ತಿ, ಎಂದರೆ ಮಗಳ ಅತ್ತೆ, ಎಲೆ ಅಡಿಕೆ ತಟ್ಟೆ ಮುಂದಕ್ಕೆ ತಳ್ಳಿ ನೇರವಾಗಿ ಕೇಳಿಬಿಟ್ಟರು.

"ಅಲ್ಲ ಬೀಗರೇ, ಕರ್ಕೊಂಡು ಹೋಗಿ ಎಲ್ಲಿ ಮಲಗಿಸ್ತೀರಿ? ನಿಮ್ಮದು ಎಂತ, ಮನೆನಾ, ಪಾರಿವಾಳದ ಗೂಡಾ? ಬಾಣಂತಿಗೆ ಒಂದು ಕೋಣೆ ಬೇಡ್ವಾ? ಗಾಳಿ ತಾಗಿದ್ರೆ ಜನ್ಮಪೂರ್ತಿ ಸೊಂಟ ಹಿಡ್ಕೊಂಡು ಕೂರ್ತಾಳೆ. ಇಲ್ಲೇ ಇರ್ಲಿ ಬಿಡಿ. ನೀವೇ ಬಂದು ಇರಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಮನೆಯಲ್ಲಿ ಬಾಣಂತಿಗೆಂದೇ ನಡುಮನೆಯ ಹಿಂದೆ ಕತ್ತಲೆ ಕೋಣೆಯೊಂದಿತ್ತು. ನಾನು ತಲೆ ಆಡಿಸುವವಳಿದ್ದೆ. ಅಷ್ಟರಲ್ಲಿ ಮಗಳು ನನ್ನ ತಲೆಗೆ ಹೂ ಮುಡಿಸುವ ನೆಪದಲ್ಲಿ ಹಿಂದೆ ಬಂದು ಕಿವಿಯಲ್ಲಿ ಹೇಳಿದಳು: "ಅವ್ವಾ, ನನ್ನ ಬಿಟ್ಟು ಹೋಗಬ್ಯಾಡ. ಆ ಕೋಣಿ ನೋಡಿದ್ರ ಅಂಜಿಕಿ ಬರ್ತದ."

ನನ್ನ ತಲೆ ಆಡುವುದು ನಿಂತಿತು.

"ಕೋಣೆ ಇದೆ ಬೀಗರೇ," ಎಂದೆ. "ಬಂದು ನೋಡ್ರಿ."

ಕೋಣೆ ಎಲ್ಲಿತ್ತು? ಆ ಗಳಿಗೆಯಲ್ಲಿ ನನಗೂ ಗೊತ್ತಿರಲಿಲ್ಲ. ಬೀಗಿತ್ತಿ ಒಂದು ಮಾತು ಹಾಕಿಯೇ ಕಳಿಸಿದರು. ಒಂಬತ್ತನೇ ತಿಂಗಳು ಹಿಡಿಯುವ ಮೊದಲು ಸಂತೆಗೆ ಬಂದಾಗ ಮನೆ ನೋಡುತ್ತಾರೆ. ಸರಿ ಕಾಣದಿದ್ದರೆ ಮಗಳನ್ನು ವಾಪಸು ಕರೆದುಕೊಂಡು ಹೋಗುತ್ತಾರೆ.

ಬಸ್ಸಿನಲ್ಲಿ ಬರುವಾಗ ಯಜಮಾನರು ಪಿಸುಗುಟ್ಟಿದರು. "ಅಲ್ಲಲೇ, ಕೋಣಿ ಐತಿ ಅಂದ್ಯಲ್ಲ, ನಾ ಎಂದೂ ನೋಡೇ ಇಲ್ಲಲ್ಲ ಆ ಕೋಣಿನಾ?"

"ದಿನಾ ಅದರ ಮ್ಯಾಲೆ ಹಾಸಿಗಿ ಒಗೀತೀರಿ. ಹೆಂಗ ಕಾಣಬೇಕು?" ಎಂದೆ. ಆಗ ನನಗೂ ಗೊತ್ತಾಯಿತು, ನಾನು ಹೇಳಿದ್ದು ಕಿಟಕಿಯನ್ನು.

ಮಾರನೆಯ ದಿನವೇ ಹಾಸಿಗೆಗಳನ್ನು ಅಟ್ಟದ ಗಳಕ್ಕೆ ಕಟ್ಟಿ ತೂಗಿಹಾಕಿದೆ. ಕಟ್ಟೆಯ ಮೇಲೆ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ, ಕೌದಿ. ಮುಂದೆ ಹಳೆ ಸೀರೆ ಇಳಿಬಿಟ್ಟರೆ ಮೂರು ಕಡೆ ಬಾಗಿಲು, ಒಂದು ಕಡೆ ಪರದೆ, ಕೋಣೆ ಆಯಿತಲ್ಲ! ಉಳಿದದ್ದು ಗಾಳಿ ಮಾತ್ರ. ಬಾಗಿಲ ಸಂದುಗಳಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಸಂದು ಮುಚ್ಚುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ತವರಿನಲ್ಲಿ ಭತ್ತ ತುಂಬಿದ ಮೇಲೆ ಕಣಜದ ಬಾಯಿಗೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತುತ್ತಿದ್ದೆವು. ಒಂದು ಇರುವೆಯೂ ಒಳಗೆ ಹೋಗುತ್ತಿರಲಿಲ್ಲ. ಸೊಸೆ ಕಲಸಿಕೊಟ್ಟಳು, ನಾನು ಮೆತ್ತಿದೆ. ಮೂರು ಬಾಗಿಲು, ಚೌಕಟ್ಟು, ಹಲಗೆ ಕೂಡುವ ಜಾಗ, ಎಲ್ಲ. ಒಣಗಿದ ಮೇಲೆ ಕಿವಿಯಿಟ್ಟು ಕೇಳಿದೆ. ಸದ್ದಿಲ್ಲ. ಬೀದಿಯ ಗಲಾಟೆ ಕೂಡ ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕೆಳಗಿನ ಸಾಹುಕಾರರ ಹೆಂಡತಿಯನ್ನು ಕರೆದು ತೋರಿಸಿದೆ.

ಎಂಟನೇ ತಿಂಗಳು ಮುಗಿಯುತ್ತ ಬಂದಾಗ, ಒಂದು ಸಂತೆಯ ದಿನ ಬೀಗಿತ್ತಿ ಬರುವವರಿದ್ದರು. ಕೋಣೆ ಬೆಚ್ಚಗಿರಲಿ ಎಂದು ಅವರು ಬರುವ ಮೊದಲೇ ಅಗ್ಗಿಷ್ಟಿಕೆಗೆ ಕೆಂಡ ಹಾಕಿ, ಮೇಲೆ ಬೇವಿನೆಲೆ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಮಗಳನ್ನು ಕಟ್ಟೆಯ ಮೇಲೆ ಮಲಗಿಸಿ, ಪರದೆ ಬಿಟ್ಟೆ.

ಸ್ವಲ್ಪ ಹೊತ್ತಿನಲ್ಲೇ ಮಗಳು ಕೆಮ್ಮಿದಳು. ಆಮೇಲೆ ನಾನು ಕೆಮ್ಮಿದೆ. ಹೊಗೆಗೆ ಹೋಗಲು ದಾರಿಯೇ ಇರಲಿಲ್ಲ! ಕಿಟಕಿ ತೆಗೆಯಲು ಹೋದರೆ ನಾನೇ ಮೆತ್ತಿದ ಮಣ್ಣು, ಕಲ್ಲಾಗಿ ಕೂತಿತ್ತು. ಹೊಗೆ ಕೋಣೆ ತುಂಬಿ, ಮೆಟ್ಟಿಲಿಳಿದು ಬಟ್ಟೆ ಅಂಗಡಿಗೆ ನುಗ್ಗಿತು. ಸಾಹುಕಾರರು "ಬೆಂಕಿ! ಬೆಂಕಿ! ಬಟ್ಟಿ ಥಾನು ಹೊರಗ ಹಾಕ್ರೋ!" ಎಂದು ಕೂಗುತ್ತ ಒಂದು ಕೊಡ ನೀರು ಹೊತ್ತು ಮೇಲೆ ಓಡಿ ಬಂದು, ಏನೂ ಕಾಣದೆ, ಅದನ್ನು ನನ್ನ ಯಜಮಾನರ ಮೇಲೆ ಸುರಿದರು. ಅವರ ಹಿಂದೆಯೇ ಮೆಟ್ಟಿಲ ಮೇಲೆ ನಿಂತಿದ್ದವರು ನಮ್ಮ ಬೀಗಿತ್ತಿ.

ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡಿದರು. ಕಣ್ಣೊರೆಸಿಕೊಳ್ಳುತ್ತ ಮೂಲೆಯಲ್ಲಿ ಕೂತ ನನ್ನ ಮಗಳನ್ನು ನೋಡಿದರು. ಆಮೇಲೆ ಅಂದರು:

"ಬೀಗರೇ, ಇಲ್ಲಿ ಬಾಣಂತನ ಮಾಡ್ತೀರಾ, ಕೊಬ್ಬರಿ ಒಣಗಿಸ್ತೀರಾ?"

ನಾನು ಕೆಂಡದ ಮೇಲೆ ನೀರು ಚಿಮುಕಿಸಿದೆ.

"ಇವತ್ತು ಬಸ್ಸಿಗೆ ಬಂದೀನಿ, ಆ ಕುಲುಕಾಟದಾಗೆ ಬಸುರಿನ ಕರ್ಕೊಂಡು ಹೋಗಲ್ಲ. ಮುಂದಿನ ಸಂತೆಗೆ ಕಮಾನು ಗಾಡಿ ಕಟ್ಟಿಸ್ಕೊಂಡು ಬರ್ತೀನಿ. ಬಟ್ಟೆ ಬರೆ ಕಟ್ಟಿಡಿ." ಇಷ್ಟು ಹೇಳಿ ಒಂದು ಲೋಟ ನೀರೂ ಮುಟ್ಟದೆ ಇಳಿದುಹೋದರು.

ಮಗಳು ಎದ್ದು ತನ್ನ ಸೀರೆಗಳನ್ನು ಒಂದೊಂದಾಗಿ ಮಡಚತೊಡಗಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮಡಚುವ ಕೈಯನ್ನು ಏನು ಮಾಡಲಿ? ಹೋಗಿ ಗಂಟು ಕಿತ್ತುಕೊಂಡೆ. "ಏಳು ದಿನ ಐತಿ. ಇಟ್ಟುಬಿಡು," ಎಂದೆ.

ಕುಡುಗೋಲಿನ ಹಿಂಬದಿಯಿಂದ ಮಣ್ಣು ಕೆರೆಯುತ್ತ ಕೂತೆ. ಕಣಜ ಮುಚ್ಚಿದ ಹಾಗೆ ಮುಚ್ಚಿದ್ದೆ. ಭತ್ತಕ್ಕೆ ಉಸಿರು ಬೇಡ, ಮಗಳಿಗೆ ಬೇಡವೇ? ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಹೊಸಬಾಳೆಯ ನಮ್ಮ ಅಡುಗೆಮನೆ ನೆನಪಾಯಿತು. ದಿನವಿಡೀ ಒಲೆ ಉರಿದರೂ ಅಲ್ಲಿ ಕಣ್ಣು ಉರಿಯುತ್ತಿರಲಿಲ್ಲ. ಹೆಂಚಿನ ಕೆಳಗೆ, ಗೋಡೆಯ ತುದಿಯಲ್ಲಿ, ಕೈ ತೂರುವಷ್ಟು ಹೊಗೆಗಿಂಡಿ ಇತ್ತು. ಹೊಗೆ ಮೇಲೆ ಹೋಗುತ್ತದೆ; ಕೆಳಗೆ ಕೂತವರಿಗೆ ಗಾಳಿ ತಾಗುವುದಿಲ್ಲ. ಹಾಗಾದರೆ ಈ ಬಾಗಿಲುಗಳ ಮೇಲಿನ ತುಂಡು ಬೇರೆಯಾಗಿ, ಕೆಳಗಿನದು ಬೇರೆಯಾಗಿ ತೆಗೆಯುವಂತಿದ್ದರೆ?

ಸೀದಾ ಕೆಳಗಿಳಿದು ಸಾಹುಕಾರರ ಮುಂದೆ ನಿಂತೆ. ಅವರು ಇನ್ನೂ ಥಾನು ಮೂಸಿ ನೋಡುತ್ತಿದ್ದರು.

"ಕೊಯ್ಯೋದಾ? ನನ್ನ ಕಿಟಕಿನಾ? ಏನಮ್ಮಾ, ತಲಿ ಕೆಟ್ಟೈತೇನು ನಿಮಗ? ಈ ಸೀಮ್ಯಾಗ ಇಂಥದು ಇನ್ನೊಂದಿಲ್ಲ!"

"ಹೌದ್ರೀ ಸಾವ್ಕಾರ್ರೇ. ಅದಕ್ಕೇ ಕೇಳ್ತೀನಿ. ಇಷ್ಟು ಚೆಂದದ ಕಿಟಕಿ ಕಟ್ಟಿಸಿ ಎಷ್ಟು ವರ್ಷ ಆತು, ಒಂದು ದಿನಾನಾದ್ರೂ ಅದರಾಗ ನಿಮ್ಮ ಮನಿಯವರು ಯಾರಾದ್ರೂ ಕೂತಾರೇನು?"

ಅವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ನನ್ನಂತೂ ಕೂರಿಸಿಲ್ಲವ್ವಾ! ಬೀದಿಗೆ ಕಾಣ್ತದಂತ ಹತ್ತಾಕೇ ಬಿಡಲಿಲ್ಲ. ಕೊಡ್ರೀ, ಒಂದು ಕೂಸಾದರೂ ಕೂರಲಿ ಅದರಾಗ!"

ಸಾಹುಕಾರರು ಥಾನಿನೊಳಗೆ ಮುಖ ಮುಚ್ಚಿಕೊಂಡರು. ಬೀದಿಯಿಂದ ನೋಡಿದರೆ ಕೊಯ್ದದ್ದು ಕಾಣಬಾರದು ಎಂಬುದೊಂದೇ ಅವರ ಕರಾರು.

ಸೊರಬದ ಕಡೆಯ ಬಡಗಿಯೊಬ್ಬ ಪೇಟೆಯಲ್ಲಿ ಬಿಡಾರ ಮಾಡಿಕೊಂಡಿದ್ದ. ಕರೆಸಿದೆ. ಕಿಟಕಿಯನ್ನು ಸುತ್ತ ನೋಡಿ ನಕ್ಕ. "ತೊಟ್ಲು ಮಾಡೀನಿ, ಮಂಚ ಮಾಡೀನಿ. ಬಾಣಂತಿಗೆ ಕಿಟಕಿ ಮಾಡ್ತಿರೋದು ಇದೇ ಮೊದ್ಲು ಮಾರಾಯ್ತಿ." ನಗುತ್ತಲೇ ನಾಲ್ಕು ದಿನ ಕೂತು ಮಾಡಿದ. ಪ್ರತಿ ಬಾಗಿಲನ್ನೂ ಮೇಲಿನ ಮೂರನೇ ಒಂದು ಭಾಗಕ್ಕೆ ಕೊಯ್ದು, ಬೇರೆ ಕೀಲು ಹಾಕಿ, ಕೊಯ್ದ ಗೆರೆಯ ಮೇಲೆ ಹೊರಗಿನಿಂದ ಬಳ್ಳಿಯ ಕೆತ್ತನೆಯ ಪಟ್ಟಿ ಹೊಡೆದ. ಕೆಳಗಿನ ಸಂದುಗಳಿಗೆ ಈ ಸಲ ಮಣ್ಣು ಮೆತ್ತಲಿಲ್ಲ. ಹಳೆ ಬಟ್ಟೆ ಹೊಸೆದು ತುರುಕಿದೆ, ಬೇಡವೆಂದಾಗ ಎಳೆದರೆ ಬರುವ ಹಾಗೆ.

ಸಂತೆಯ ದಿನ ಕಮಾನು ಗಾಡಿ ಅಂಗಡಿಯ ಮುಂದೆ ನಿಂತಿತು. ಗಾಡಿಯಲ್ಲಿ ಹುಲ್ಲು, ಮೇಲೆ ಮೆತ್ತೆ ಹಾಸಿತ್ತು. ಬೀಗಿತ್ತಿ ಮೇಲೆ ಬಂದರು. ನಾನು ಅಗ್ಗಿಷ್ಟಿಕೆಗೆ ಕೆಂಡ ಹಾಕಿದೆ, ಬೇವಿನೆಲೆ ಉದುರಿಸಿದೆ. ಹೊಗೆ ಎದ್ದು ಸೂರಿನ ತನಕ ಹೋಗಿ, ಮೇಲಿನ ಬಾಗಿಲಿಂದ ಬೀದಿಗೆ ಹೊರಟಿತು.

ಅವರು ಸುಮ್ಮನಾಗಲಿಲ್ಲ. "ಒಂದು ಹಣತೆ ಕೊಡಿ," ಎಂದರು. ತಾವೇ ಎಣ್ಣೆ ಹಾಕಿ, ಬತ್ತಿ ಹಚ್ಚಿ, ಬಾಣಂತಿಯ ತಲೆ ಬರುವ ಕಡೆ ಕಟ್ಟೆಯ ಮೇಲಿಟ್ಟರು. ಗಾಳಿ ಇದ್ದರೆ ದೀಪ ಹೇಳುತ್ತದೆ. ನಾನು, ಮಗಳು, ಸೊಸೆ, ಮೆಟ್ಟಿಲ ಮೇಲೆ ಸಾಹುಕಾರರ ಹೆಂಡತಿ, ಎಲ್ಲರೂ ಆ ಬತ್ತಿಯನ್ನೇ ನೋಡುತ್ತ ನಿಂತೆವು. ಉಸಿರು ಬಿಟ್ಟರೆ ಎಲ್ಲಿ ಅಲುಗಿಬಿಡುತ್ತದೋ ಎಂದು ನಾನು ಉಸಿರನ್ನೂ ಹಿಡಿದಿದ್ದೆ. ದೀಪ ನೆಟ್ಟಗೆ ನಿಂತಿತು. ಕಾಲ ಕಡೆಗೆ ಇಟ್ಟರು, ಅಲ್ಲೂ ನಿಂತಿತು.

ಬೀಗಿತ್ತಿ ಕಟ್ಟೆಯ ಮೇಲೆ ಕೂತು ಕೌದಿಯನ್ನು ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ಕೇಳಿದರು: "ತೊಟ್ಲು ಎಲ್ಲಿಗೆ ಕಟ್ತೀರಿ?"

ತೊಲೆಗೆ ಬಡಗಿ ಹೊಡೆದಿದ್ದ ಕೊಂಡಿಯನ್ನು ತೋರಿಸಿದೆ. ಅವರು ಕಿಟಕಿಯ ಮೇಲಿನ ಬಾಗಿಲಿಂದ ಮುಖ ಹಾಕಿ ಗಾಡಿಯವನನ್ನು ಕೂಗಿದರು. "ಆ ಮೆತ್ತೆ ತಗೊಂಡು ಬಾರೋ ಮೇಲೆ. ಹುಲ್ಲು ಚುಚ್ತದೆ ಹುಡುಗಿಗೆ." ಸಂಜೆ ಗಾಡಿಯಲ್ಲಿ ಅವರೊಬ್ಬರೇ ಹೋದರು.

ಅದಾಗಿ ಇಪ್ಪತ್ತನೆಯ ದಿನ, ಬೆಳಕು ಹರಿದು ಪೇಟೆಯ ಬಾಗಿಲುಗಳು ತೆಗೆಯುವ ಹೊತ್ತಿಗೆ, ಸೂಲಗಿತ್ತಿಯ ಕೈಗೆ ನನ್ನ ಮೊಮ್ಮಗಳು ಬಂದಳು. ಒರೆಸಿ, ಸುತ್ತಿ, ತಾಯಿಯ ಪಕ್ಕ ಕಟ್ಟೆಯ ಮೇಲೆ ಮಲಗಿಸಿದರು. ಮೇಲಿನ ಬಾಗಿಲಿಂದ ಬಿಸಿಲಿನ ಪಟ್ಟಿ ಬಂದು ಎದುರು ಗೋಡೆಯ ಮೇಲೆ ಬಿದ್ದಿತ್ತು. ಸಾಹುಕಾರರು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸಕ್ಕರೆ ಹಂಚಿದರು, ಮಗು ಕಿಟಕಿಗೇ ಹುಟ್ಟಿದ ಹಾಗೆ.

ಮೊದಲ ಬಸ್ಸಿಗೆ ಮಗ ಕುಪ್ಪಗಡ್ಡೆಗೆ ಹೋದ. ಹೊತ್ತು ಇಳಿಯುವ ಮೊದಲು ಅಳಿಯ, ಬೀಗಿತ್ತಿ ಇಬ್ಬರೂ ಬಂದರು. ಕೈಯಲ್ಲಿ ತುಪ್ಪದ ಗಿಂಡಿ.

ಅವತ್ತು ಸಂಜೆ ಮುಂದಿನ ಕೋಣೆಯಲ್ಲಿ ಎಲೆ ಹಾಕಿದೆವು. ಯಜಮಾನರು, ಮಗ, ಅಳಿಯ, ಸೊಸೆ, ಸೂಲಗಿತ್ತಿ, ಎಲ್ಲರೂ ಮೊಣಕೈಗೆ ಮೊಣಕೈ. ಅನ್ನ, ಸಾರು, ಅದೇ ಕಿಟಕಿಯಲ್ಲಿ ಒಣಗಿದ ಶಾವಿಗೆಯ ಪಾಯಸ. ಬೀಗಿತ್ತಿಗೆ ನೆಲದಲ್ಲಿ ಜಾಗವೇ ಉಳಿಯಲಿಲ್ಲ. ನನಗೆ ನಾಚಿಕೆಯಾಯಿತು. ಅವರು ಹೋಗಿ ಕಟ್ಟೆಯ ತುದಿಯಲ್ಲಿ, ಮಗಳ ಕಾಲ ಹತ್ತಿರ ಕೂತು, ಎಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ನಾನು ನಾಲ್ಕು ಹೆತ್ತೆ ಬೀಗರೇ," ಎಂದರು. "ನಾಲ್ಕು ಸಲಾನೂ ಕತ್ತಲೆ ಕೋಣೆ. ಬಾಗಿಲ ಸಂದಿನಾಗೆ ತಟ್ಟೆ ತಳ್ಳೋರು. ಹೊರಗೆ ಎಲ್ಲರೂ ಉಣ್ಣೋ ಸದ್ದು ಕೇಳ್ತಿತ್ತು."

ಅವರು ಎಡಗೈಯಿಂದ ಪರದೆಯನ್ನು ಒಂದು ಗೇಣು ಸರಿಸಿದರು. ಮಗಳ ಮುಖ ಕಂಡಿತು, ಅವಳ ಮುಂದೆ ಮೆತ್ತಗಿನ ಅನ್ನ, ಮೆಣಸಿನ ಸಾರು. ಬೀಗಿತ್ತಿ ಗಿಂಡಿ ಬಗ್ಗಿಸಿ ಅವಳ ಅನ್ನಕ್ಕೆ ತುಪ್ಪ ಬಿಟ್ಟರು, ಆಮೇಲೆ ಗಿಂಡಿಯನ್ನು ನನ್ನ ಕಡೆ ದಾಟಿಸಿದರು.

"ನೀವೂ ಕೂತ್ಕೊಳ್ಳಿ," ಎಂದರು. "ಬಡಿಸಿದ್ದು ಸಾಕು."

ನಾನು ಕೆಂಡದ ಪಕ್ಕ ಉಳಿದಿದ್ದ ಅಷ್ಟು ಜಾಗದಲ್ಲಿ ಮುದುರಿ ಕೂತು, ಎಲೆ ಎಳೆದುಕೊಂಡೆ. ಎಲ್ಲರೂ ಒಟ್ಟಿಗೆ ಉಂಡೆವು.