ಅವ್ವನ ಇಂಗ್ಲಿಷು ಮತ್ತು ಸ್ಕೂಲಿನ ಕಿಟಕಿ

ಸಾಹೇಬರು ನಮ್ಮವ್ವನ ಇಂಗ್ಲಿಷ್ ಕೇಳಿ ಬಹಳ ಖುಷಿಪಟ್ಟರು. ಅವ್ವನ ಇಂಗ್ಲಿಷಿಗೆ ಕುತ್ತು ಬಂದಿದ್ದೇ ಅಲ್ಲಿಂದ.

ಎಂಬತ್ತರ ದಶಕದ ಶುರು. ಮಧುಗಿರಿ ತಾಲ್ಲೂಕು ಮುಗಿದು ಪಾವಗಡ ಶುರುವಾಗುವ ಕಡೆ ನಮ್ಮೂರು. ನಾನು ಆರನೇ ಕ್ಲಾಸು, ಆಗಷ್ಟೇ ಎಬಿಸಿಡಿ ಮುಗಿಸಿ ಸುಸ್ತಾಗಿದ್ದೆ.

ತಿಂಗಳಿಗೊಮ್ಮೆ ತುಮಕೂರಿನಿಂದ ನಮ್ಮ ಸ್ಕೂಲಿಗೆ ಸರ್ಕಾರದ ಒಂದು ಜೀಪು ಬರುತ್ತಿತ್ತು. ಅದರಲ್ಲಿ ಪ್ರೊಜೆಕ್ಟರು, ಜನರೇಟರು, ಒಬ್ಬ ಆಪರೇಟರು, ಜೊತೆಗೆ ಇಂಗ್ಲಿಷ್ ಕಲಿಸುವ ಒಂದು ಪುಟ್ಟ ಫಿಲಂ.

ಈಗ ನಿಮ್ಮ ಮಕ್ಕಳು ಮೊಬೈಲಿನಲ್ಲಿ ತಳ್ಳಿ ತಳ್ಳಿ ನೋಡುತ್ತಾರಲ್ಲ, ಆ ಶಾರ್ಟ್ಸನ್ನು ನಾವು ಆಗಲೇ ನೋಡಿದ್ದೆವು. ತಳ್ಳುವ ಸೌಲಭ್ಯ ಮಾತ್ರ ಇರಲಿಲ್ಲ... ಯಾಕಂದರೆ ಇದ್ದದ್ದು ಒಂದೇ ರೀಲು.

ಕೋಟು ಹಾಕಿದ ಗಂಡಸೊಬ್ಬ ರೈಲ್ವೆ ಸ್ಟೇಷನ್ನಿಗೆ ಬರುತ್ತಾನೆ. ಟಿಕೆಟ್ ಕೇಳುತ್ತಾನೆ, ರೈಲು ಎಷ್ಟು ಹೊತ್ತಿಗೆ ಅನ್ನುತ್ತಾನೆ, ಥ್ಯಾಂಕ್ಯೂ ಹೇಳಿ ಹತ್ತಿ ಹೋಗುತ್ತಾನೆ. ಮುಂದಿನ ತಿಂಗಳು ಮತ್ತೆ ಬರುತ್ತಾನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ... ಈ ನಾಲ್ಕು ತಾಲ್ಲೂಕು ಜಾಲಾಡಿದರೂ ಆಗ ಒಂದು ಮೊಳ ರೈಲು ಹಳಿ ಸಿಗುತ್ತಿರಲಿಲ್ಲ. ಇದಕ್ಕಿಂತ ಉಪಯೋಗದ ಪಾಠ ನಮಗೆ ಇನ್ನೇನು ಬೇಕಿತ್ತು ಹೇಳಿ.

ಆಪರೇಟರು ಸಂಜೆಯೊಳಗೆ ವಾಪಸ್ ತುಮಕೂರು ಸೇರಬೇಕು. ಹಾಗಾಗಿ ಶೋ ನಡುಮಧ್ಯಾಹ್ನವೇ.

ಸ್ಕೂಲಿನ ಎರಡು ಕಿಟಕಿಗೂ ಕಂಬಿ ಇತ್ತು, ಬಾಗಿಲಿರಲಿಲ್ಲ. ನಮ್ಮ ಮೇಷ್ಟ್ರು ತಮ್ಮ ಪಂಚೆಯನ್ನೇ ಕಟ್ಟಿ ನೋಡಿದರು. ಬಿಸಿಲು ಪಂಚೆ ದಾಟಿ ನೇರ ಪರದೆಯ ಮೇಲೆ ಬಂದು ಕೂತಿತು, ಕೋಟಿನವನೂ ಇಲ್ಲ, ಸ್ಟೇಷನ್ನೂ ಇಲ್ಲ.

ಆಗ ಅವರಿಗೆ ನಮ್ಮ ಮನೆಯ ಕಂಬಳಿ ನೆನಪಾಯಿತು.

ನಾವು ಕುರಿ ಸಾಕುವವರು. ದೇವರ ಪೂಜೆಗೆ ಹಾಸುವ ಎರಡು ಕರೀ ಕಂಬಳಿ ಮನೆಯಲ್ಲಿದ್ದವು. ಅವನ್ನು ಬೇರೆಯವರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಎಲ್ಲಿಗೆ ಹೋದರೂ ಮನೆಯವರು ಜೊತೆಗೆ ಹೋಗಬೇಕು.

ಇದೂ ಸರಸ್ವತಿ ಸೇವೆಯೇ ಎಂದು ಹೇಳಿ ಮೇಷ್ಟ್ರು ಅಪ್ಪನನ್ನು ಒಪ್ಪಿಸಿದರು. ಅಪ್ಪ ಕುರಿ ಹಿಂದೆ ಹೋಗಬೇಕು, ಕಂಬಳಿ ಕಾಯುವ ಕೆಲಸ ಅವ್ವನಿಗೂ ಅಜ್ಜಿಗೂ ಬಿತ್ತು.

ಅವ್ವ ಸ್ಕೂಲಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಅವಳು ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದೂ ಅದೇ ಮೊದಲು. ಮನೆಯಲ್ಲಿ ಕೂತರೂ ಕೈಯಲ್ಲಿ ಉಣ್ಣೆ ನೂಲುವ ತಕಲಿ ತಿರುಗುತ್ತಲೇ ಇರುತ್ತಿತ್ತು.

ಅಲ್ಲಿಂದಾಚೆ ಇಡೀ ತಿಂಗಳು ಅವಳು ಆ ಒಂದು ಮಧ್ಯಾಹ್ನಕ್ಕಾಗಿ ಕಾಯತೊಡಗಿದಳು. ಹಿಂದಿನ ದಿನವೇ ಕಂಬಳಿ ಕೊಡವಿ ಮಡಿಸಿಡುತ್ತಿದ್ದಳು.

ನನಗೆ ಹನ್ನೊಂದು ವರ್ಷ, ಅವ್ವನಿಗೆ ಮೂವತ್ತರ ಆಸುಪಾಸು, ಅಜ್ಜಿಯ ವಯಸ್ಸು ಅಜ್ಜಿಗೇ ಗೊತ್ತಿಲ್ಲ. ಮೂವರಿಗೂ ಒಂದೇ ಪಾಠ.

ನಾನು ಥ್ಯಾಂಕ್ಯೂ ತನಕ ಕಲಿತೆ. ಅಜ್ಜಿಗೆ ಇಂಗ್ಲಿಷಿಗಿಂತ ಆ ಕೋಟಿನವನ ಮೇಲೇ ಅನುಮಾನ, ಹೆಂಡತಿ ಮಕ್ಕಳನ್ನು ಬಿಟ್ಟು ತಿಂಗಳು ತಿಂಗಳೂ ಎಲ್ಲಿಗೆ ಹೋಗುತ್ತಾನೆ ಅಂತ. ಅವ್ವ ಮಾತ್ರ ತುಟಿ ಆಡಿಸುತ್ತಾ ಪೂರ್ತಿ ಬಾಯಿಪಾಠ ಮಾಡಿಬಿಟ್ಟಳು.

ಹೀಗಿರುವಾಗ ಒಂದು ಶೋ ದಿನ ಮೇಲಿನ ಸಾಹೇಬರು ತಪಾಸಣೆಗೆ ಬಂದರು. ಇಷ್ಟು ದಿನ ನೋಡಿದ್ದೀರಲ್ಲ, ಇಂಗ್ಲಿಷಿನಲ್ಲಿ ಏನಾದರೂ ಹೇಳಿ ಎಂದು ನಮ್ಮನ್ನು ಕೇಳಿದರು. ಕ್ಲಾಸಿಗೆ ಕ್ಲಾಸೇ ನೆಲ ನೋಡುತ್ತಿದೆ, ಮೇಷ್ಟ್ರ ಮುಖ ಬೆವರುತ್ತಿದೆ...

ಕಿಟಕಿ ಪಕ್ಕದಿಂದ ಅವ್ವ ಎದ್ದಳು. ಸೆರಗು ಸರಿಮಾಡಿಕೊಂಡು ಸಾಹೇಬರ ಹತ್ತಿರ ಇಂಗ್ಲಿಷಿನಲ್ಲಿ ಒಂದು ಟಿಕೆಟ್ ಕೇಳಿದಳು, ರೈಲಿನ ಟೈಮ್ ಕೇಳಿದಳು, ಥ್ಯಾಂಕ್ಯೂ ಹೇಳಿದಳು. ಪಾಠ ಅಲ್ಲಿಗೆ ಮುಗಿಯುತ್ತದೆ, ಅವಳೂ ಕೂತಳು.

ಸಾಹೇಬರು ನಕ್ಕು, ನಿಮ್ಮೂರಲ್ಲಿ ರೈಲು ಎಲ್ಲಿದೆಯಮ್ಮ ಅಂದರು.

"ಅದ್ನ ನಾವು ಕೇಳ್ಬೇಕು ಸಾಮಿ. ಟಿಕೇಟು ಕೇಳಾದ್ ಕಲ್ಸಿದೋರು ನೀವೇ ಅಲ್ವಾ."

ಸಾಹೇಬರು ಇನ್ನೂ ಜೋರಾಗಿ ನಕ್ಕರು, ಸ್ಕೂಲಿಗೆ ಏನಾದರೂ ಮಾಡಲೇಬೇಕು ಅಂದರು. ಮೇಷ್ಟ್ರು ಹೊಸ ರೀಲು ಬೇಡಿದರು. ಸಾಹೇಬರ ಕಣ್ಣು ಕಂಬಳಿಯ ಮೇಲೆ ಬಿತ್ತು. ಪಾಪ, ಹೆಂಗಸರು ಅಷ್ಟು ಭಾರ ಹೊತ್ತು ತರುವುದೇ ಎಂದು ಮರುಗಿ, ಕಿಟಕಿಗೆ ಬಾಗಿಲು ಮಂಜೂರು ಮಾಡಿದರು.

ಎಂಥಾ ಕರುಣೆ ನೋಡಿ.

ದೀಪಾವಳಿ ಕಳೆಯುತ್ತಿದ್ದಂತೆ ಶಿರಾ ಕಡೆಯ ಕಂಟ್ರಾಕ್ಟರು ಬಂದು ಬಾಗಿಲು ಕೂರಿಸಿ, ಬಣ್ಣ ಬಳಿದು ಹೋದ. ಶೋ ದಿನ ಕಂಬಳಿ ಹೊತ್ತು ಬಂದ ಅವ್ವನಿಗೆ, ಇನ್ನು ನಿಮಗೆ ತೊಂದರೆಯಿಲ್ಲ ಅಕ್ಕ ಅಂದರು ಮೇಷ್ಟ್ರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಕಂಬಳಿ ಇಲ್ಲದೆ ಕೂರಬಹುದಿತ್ತು ಅಂತ ನಿಮಗನಿಸಬಹುದು. ಕೆಲಸ ಬಿಟ್ಟು ಸುಮ್ಮನೆ ಕೂತು ಬಂದೆ ಎಂದು ಒಬ್ಬ ಹೆಂಗಸು ಆ ಕಾಲದಲ್ಲಿ ಯಾರ ಮುಂದೆ ಹೇಳಬೇಕಿತ್ತು? ಅವ್ವ ಹೊಸ ಬಾಗಿಲನ್ನು ಒಮ್ಮೆ ಕೈಯಿಂದ ಸವರಿ, ಮನೆಗೆ ಹೋದಳು.

ಆವತ್ತು ನನಗೆ ಕೋಟಿನವನನ್ನು ನೋಡಲು ಮನಸ್ಸಾಗಲಿಲ್ಲ. ಮನೆಗೆ ಬಂದರೆ ಅವ್ವ ತಕಲಿ ತಿರುಗಿಸುತ್ತಿದ್ದಳು. ಅಷ್ಟೂ ಚಳಿಗಾಲ ಅವಳು ಶೋ ಸುದ್ದಿ ಎತ್ತಲಿಲ್ಲ.

ಮಾರ್ಚಿ ಬಂತು, ನಮ್ಮ ಕಡೆಯ ಬಿಸಿಲೂ ಬಂತು. ಆಪರೇಟರು ಪ್ರೊಜೆಕ್ಟರ್ ಹಾಕಿದರೆ ಪರದೆಯ ತುಂಬಾ ಉದ್ದುದ್ದ ಬೆಳಕಿನ ಪಟ್ಟೆ. ಬಾಗಿಲಿನ ಹಲಗೆಗಳು ಸೊಟ್ಟಗಾಗಿ, ಸಂದಿಯಲ್ಲಿ ಬೆರಳು ತೂರುವಷ್ಟು ಬಾಯಿ ಬಿಟ್ಟಿದ್ದವು.

ಅವ್ವನನ್ನು ಕರೆದುಕೊಂಡು ಬಾ ಎಂದು ಮೇಷ್ಟ್ರು ನನ್ನನ್ನು ಓಡಿಸಿದರು. ಏದುಸಿರು ಬಿಡುತ್ತಾ ಹೋದರೆ, ಅವ್ವ ತಲೆ ಬಾಚಿಕೊಂಡು, ಮಡಿಸಿದ ಕಂಬಳಿ ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಾಳೆ. ಜೀಪು ಬಂದಾಗಿನಿಂದ ಹಾಗೇ ಕೂತಿದ್ದಳಂತೆ.

ನಿನಗೆ ಹೆಂಗೆ ಗೊತ್ತಾಯ್ತವ್ವ ಅಂದೆ.

"ಬಾಗ್ಲು ಇಕ್ಕಿದಾಗ್ಲೇ ಮುಟ್ಟಿ ನೋಡಿದ್ದೆ ಕಣಮ್ಮ. ಹಸಿ ಮರ. ಬ್ಯಾಸ್ಗೆ ಬಂದ್ಬುಡ್ಲಿ ಅಂತ ಕಾಯ್ತಾ ಇದ್ದೆ."

ಕಳಪೆ ಕಾಮಗಾರಿಯ ಪುಣ್ಯದಿಂದ ಇಂಗ್ಲಿಷ್ ಕಲಿತವರು ನಿಮ್ಮ ಮನೆಯಲ್ಲೂ ಯಾರಾದರೂ ಇದ್ದಾರಾ?