ಕಬ್ಬಿನ ಹೊಲದಾಗಿನ ಎಕ್ಸ್‌ಪ್ರೆಸ್

ಸುಮ್ಮನೆ ಕೂರುವುದು ನನ್ನಿಂದ ಆಗುವ ಮಾತಲ್ಲ ಎಂಬುದು ನಿವೃತ್ತಿಯಾದ ಮೇಲೆ ಗೊತ್ತಾಯಿತು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ಮುಂದೆ ನಿಂತೇ ವಯಸ್ಸು ಕಳೆದವನು ನಾನು. ಈಗ ಬೆಳಿಗ್ಗೆ ಚಹಾ ಕುಡಿದು ಬಾಗಿಲಿಗೆ ಬರುತ್ತಿದ್ದೆ, ಮತ್ತೆ ಒಳಗೆ ಹೋಗುತ್ತಿದ್ದೆ, ಚೆನ್ನಾಗಿ ತಿರುಗುತ್ತಿದ್ದ ಫ್ಯಾನ್ ಇಳಿಸಿ ಬಿಚ್ಚುತ್ತಿದ್ದೆ.

“ರೀ, ನೀವು ಡ್ಯೂಟಿಗೆ ಹೋಗೂದನ ಚಲೋ ಇತ್ತು. ಮನ್ಯಾಗ ಒಂದ ಸಾಮಾನೂ ಉಳಿಯೂಹಂಗ ಕಾಣೂದಿಲ್ಲ,” ಎಂದಳು ಹೆಂಡತಿ.

ಅದೇ ದಿನಗಳಲ್ಲಿ ಒಂದು ಮದುವೆಗೆಂದು ಹುಬ್ಬಳ್ಳಿಗೆ ಹೋದಾಗ, ಪ್ರದರ್ಶನಕ್ಕೆ ನಿಲ್ಲಿಸಿದ್ದ ಹಳೆಯ ಮೀಟರ್‌ಗೇಜ್ ಉಗಿ ಎಂಜಿನ್ ನೋಡಿದೆ. ನಾನು ಹುಟ್ಟಿ ಬೆಳೆದದ್ದು ಅಳ್ನಾವರದಲ್ಲಿ. ಇಂಥದೇ ಎಕ್ಸ್‌ಪ್ರೆಸ್ ಎಂಜಿನ್ ಬಂದರೆ ಪ್ಲಾಟ್‌ಫಾರ್ಮಿನ ಕಲ್ಲು ಪಾದಕ್ಕೆ ನಡುಕ ಕೊಡುತ್ತಿತ್ತು. ಇಲ್ಲಿ ಹೊಸ ಬಣ್ಣ ಬಳಿದಿದ್ದರು, ನನ್ನ ಎದೆಮಟ್ಟದ ಗಾಲಿಗಳು ಹೊಳೆಯುತ್ತಿದ್ದವು. ಬೆಂಕಿಗೂಡಿನಲ್ಲಿ ಯಾರೋ ಚಿಪ್ಸಿನ ಖಾಲಿ ಪ್ಯಾಕೆಟ್ ತುರುಕಿದ್ದರು. ಅದನ್ನು ಎಳೆದು ತೆಗೆದು ಜೇಬಿಗೆ ಹಾಕಿಕೊಂಡೆ. ಊರಿಗೆ ಮರಳುವಾಗ ಬಸ್ಸಿನಲ್ಲಿ ಹೆಂಡತಿಗೆ ಹೇಳಿದೆ, “ನಾ ಒಂದು ಎಂಜಿನ್ ಮಾಡ್ತೇನಿ. ಸಣ್ಣದು. ಖರೇನ ಉಗಿಯಿಂದ ಓಡೂದು.”

ಅವಳು ಕಿಟಕಿಯ ಕಡೆ ಮುಖ ಮಾಡಿದಳು. “ಫ್ಯಾನರ ಉಳೀತಾವ, ಬಿಡ್ರಿ.”

ನನಗೆ ಬಾಯ್ಲರ್ ಗೊತ್ತು, ಎಂಜಿನ್ ಗೊತ್ತಿರಲಿಲ್ಲ. ಹಳಿಯಾಳದ ಹತ್ತಿರದ ಹಳ್ಳಿಯಲ್ಲಿದ್ದ ಹಳೆಯ ಪರಿಚಯದವರೊಬ್ಬರ ಬಳಿ ಹೋದೆ. ಸಿದ್ದಿ ಜನಾಂಗದವರು, ನನಗಿಂತ ದೊಡ್ಡವರು, ಅಣ್ಣಾ ಎಂದೇ ಕರೆಯುತ್ತೇನೆ. ಹರೆಯದಲ್ಲಿ ಕ್ಯಾಸಲ್‌ರಾಕ್ ಲೈನಿನಲ್ಲಿ ಫೈರ್‌ಮನ್ ಆಗಿದ್ದವರು, ಅಂದರೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಈಗ ಕಬ್ಬು ಬೆಳೆಯುತ್ತಾರೆ. ನನ್ನ ನಕ್ಷೆ ನೋಡಿದವರೇ ತಲೆ ಅಲ್ಲಾಡಿಸಿದರು.

“ಇಷ್ಟು ದೊಡ್ಡ ಗಾಲಿ ಯಾಕ ತಮ್ಮಾ? ಸಣ್ಣ ಗಾಲಿ ಹಾಕು. ಗೂಡ್ಸ್ ಎಂಜಿನ್ ಹಂಗ ಜೋರಿನಿಂದ ಎಳೀತೈತಿ.”

“ನನಗ ಎಳಿಯೂದು ಬ್ಯಾಡ ಅಣ್ಣಾ, ಓಡೂದು ಬೇಕು. ದೊಡ್ಡ ಗಾಲಿ ಒಂದ ಸುತ್ತು ತಿರುಗಿದ್ರ ಎಷ್ಟು ದಾರಿ ಹೋಗ್ತೈತಿ ನೋಡ್ರಿ.”

“ಮೊದಲ ನಿಂತಲ್ಲಿಂದ ಏಳಬೇಕಲ್ಲ ಅದು!”

ಜಗಳವೇ ಆಯಿತು. ನಾನು ಬಿಡಲಿಲ್ಲ. ಬೆಳಗಾವಿಯ ಫೌಂಡ್ರಿಯಲ್ಲಿ ಗಾಲಿ ಎರಕ ಹೊಯ್ಯಿಸಿ, ತಾಮ್ರದ ಬಾಯ್ಲರ್ ಬೆಸೆದು, ಮೊದಲು ತಣ್ಣೀರಿನ ಒತ್ತಡ ಕೊಟ್ಟು ಪರೀಕ್ಷಿಸಿದೆ. ಮುಗಿದಾಗ ಎಂಜಿನ್ ಒಂದು ಬೆಂಚಿನಷ್ಟು ಉದ್ದ ಇತ್ತು. ಮನೆಯ ಕಂಪೌಂಡಿನಲ್ಲಿ ಹಳಿ ಹಾಕಿ ಅಣ್ಣನನ್ನು ಕರೆಸಿದೆ.

ಇದ್ದಲಿ ಕೆಂಪಾಯಿತು, ಉಗಿ ಏರಿತು. ನನಗೆ ತಾಳ್ಮೆ ಎಲ್ಲಿಯದು? ಉಗಿ ಬಿಡುವ ರೆಗ್ಯುಲೇಟರ್ ಒಮ್ಮೆಲೇ ತೆರೆದೆ. ಗಾಲಿಗಳು ಗಿರ್ರನೆ ನಿಂತಲ್ಲೇ ತಿರುಗಿದವು. ಎಂಜಿನ್ ಒಂದು ಗೇಣೂ ಮುಂದೆ ಹೋಗಲಿಲ್ಲ. ಅಣ್ಣ ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಹಳಿಯ ಮೇಲೆ ಹಿಡಿತ ಸಿಗಲೆಂದು ನಡುವಿನ ದೊಡ್ಡ ಗಾಲಿಗಳ ಮೇಲೆ ಸೀಸದ ತೂಕ ಕೂರಿಸಿದೆ. ಮರುವಾರ ಎಂಜಿನ್ ಎದ್ದು ನಡೆಯಿತು, ಆದರೆ ಸ್ವಲ್ಪ ದೂರ ಹೋಗಿ ಉಗಿ ಸಾಲದೆ ನಿಂತಿತು. ಮತ್ತೆ ಬೆಂಕಿ ಏರಿಸಿದೆವು, ಮತ್ತೆ ನಿಂತಿತು. ಅಣ್ಣ ಇದ್ದಲಿಯನ್ನು ಬೈದರು, ನಾನು ದೊಡ್ಡ ಗಾಲಿಯನ್ನೇ ಅನುಮಾನಿಸತೊಡಗಿದೆ. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಅಲ್ಲಿಂದಲೇ ಹೇಳಿದಳು, “ಹೊಗಿ ಚಿಮಣಿಂದ ಹೋಗಬೇಕಲ್ರಿ? ಇದರದು ಒಲಿ ಬಾಯಿಂದ ಬರಾಕತ್ತೈತಿ.”

ನಿಜ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಚಿಮಣಿಯ ನಟ್ಟನಡುವೆ ರಭಸದಿಂದ ಹೊರಬೀಳಬೇಕು. ಆ ಸೆಳೆತದಿಂದಲೇ ಬೆಂಕಿಗೆ ಗಾಳಿ ಸಿಗುವುದು. ಎಂಜಿನ್ ಓಡಿದಷ್ಟೂ ಬೆಂಕಿ ಉರಿಯುತ್ತದೆ, ಬೆಂಕಿ ಉರಿದಷ್ಟೂ ಎಂಜಿನ್ ಓಡುತ್ತದೆ. ಅವಸರದಲ್ಲಿ ನಾನು ಆ ಉಗಿಯ ಕೊಳವೆಯನ್ನು ಒಂದು ಮಗ್ಗುಲಿಗೆ ವಾರೆಯಾಗಿ ಕೂರಿಸಿದ್ದೆ.

ಅದು ಸರಿಯಾದ ಮೇಲೆ ಕಂಪೌಂಡ್ ಸಾಲಲಿಲ್ಲ. ವೇಗ ಹಿಡಿಯುವಷ್ಟರಲ್ಲಿ ಗೋಡೆ ಬರುತ್ತಿತ್ತು. ಕಬ್ಬು ಕಡಿದ ಮೇಲೆ ಅಣ್ಣನ ಹೊಲದಲ್ಲಿ ನೆಲ ಸಮ ಮಾಡಿ, ದೊಡ್ಡ ಸುತ್ತಿನ ಹಳಿ ಹಾಕಿದೆವು. ಎಂಜಿನ್ ಹಿಂದೆ ಇಬ್ಬರು ಕೂರುವ ಟ್ರಾಲಿ ಕಟ್ಟಿದೆ. ಹಳ್ಳಿಯವರು ಬದುವಿನ ಮೇಲೆ ನೆರೆದರು. ನಾನು ಕೂರಲು ಹೊರಟವನು ಅಣ್ಣನ ಮುಖ ನೋಡಿ ನಿಂತೆ.

“ನೀವ ನಡಸ್ರಿ ಅಣ್ಣಾ.”

ಅವರು ಕೈಯನ್ನು ಲುಂಗಿಗೆ ಒರೆಸಿಕೊಂಡು ಕೂತರು. ಹಿಂದೆ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಕೂತಳು. ಅಣ್ಣ ರೆಗ್ಯುಲೇಟರನ್ನು ಎಷ್ಟು ಮೆತ್ತಗೆ ತೆರೆದರೆಂದರೆ ಎಂಜಿನ್ ಯಾವಾಗ ಹೊರಟಿತೋ ತಿಳಿಯಲಿಲ್ಲ. ಚುಕ್ ಚುಕ್ ಎನ್ನುತ್ತಿದ್ದುದು ಒಂದೇ ಗುಂಯ್‌ಗುಡುವಿಕೆ ಆಯಿತು. ಆ ದೊಡ್ಡ ಗಾಲಿಗಳು ಕೊನೆಗೂ ತಮ್ಮ ಹದಕ್ಕೆ ಬಂದಿದ್ದವು. ನಾನು ಕಡಿದ ಕಬ್ಬಿನ ಕೂಳೆ ಎಡವುತ್ತಾ ಪಕ್ಕದಲ್ಲಿ ಓಡಿದೆ. ಹೆಂಡತಿ ನಗುತ್ತಿದ್ದಳು.

ಸುತ್ತಿನ ಮೇಲೆ ಸುತ್ತು. ಆಗ ನೀರಿನ ಮಟ್ಟ ತೋರಿಸುವ ಗಾಜಿನ ಮೇಲೆ ನನ್ನ ಕಣ್ಣು ಬಿತ್ತು. ಗಾಜಿನಲ್ಲಿ ನೀರೇ ಕಾಣಲಿಲ್ಲ. ನೀರಿಲ್ಲದ ಬಾಯ್ಲರ್ ಕಾದು ಸಿಡಿಯುತ್ತದೆ ಎಂದು ನನಗೆ ಯಾರೂ ಹೇಳಬೇಕಿಲ್ಲ.

“ಅಣ್ಣಾ, ನಿಲ್ಲಸ್ರಿ! ನೀರು! ನೀರು!”

ಅವರಿಗೆ ಕೇಳಿಸಲೇ ಇಲ್ಲ. ಕಣ್ಣು ಎದುರಿನ ಹಳಿಯ ಮೇಲೇ ನೆಟ್ಟಿತ್ತು. ಉಸಿರು ಸಾಲದೆ ನಾನು ಹಿಂದುಳಿದೆ. ನನ್ನ ಮುಖ ಕಂಡ ಹೆಂಡತಿ ಎರಡೂ ಕೈಯಿಂದ ಅವರ ಹೆಗಲು ಹಿಡಿದು ಅಲುಗಾಡಿಸಿದಳು. ಎಂಜಿನ್ ನಿಂತಿತು. ಅವಳನ್ನು ದೂರ ಕಳಿಸಿ, ಇಕ್ಕಳದಿಂದ ಕೆಂಡವನ್ನೆಲ್ಲ ಹೊರಗೆ ಎಳೆದು ಹಾಕಿದೆ. ಯಾರೋ ಕೊಡದಲ್ಲಿ ನೀರು ತಂದರು. “ಬಾಯ್ಲರಿಗೆ ಹಾಕಬ್ಯಾಡ್ರಿ, ಕಾದದ್ದು ಒಡೀತೈತಿ!” ಎಂದು ಚೀರಿದೆ. ಅದು ತಣ್ಣಗಾಗುವವರೆಗೂ ಯಾರನ್ನೂ ಹತ್ತಿರ ಬಿಡಲಿಲ್ಲ.

ಬದುವಿನ ಮೇಲೆ ಕೂತು ಅಣ್ಣ ಹೇಳಿದರು.

“ಲೈನಿನ ಮ್ಯಾಲೆ ನೀರು ನೋಡೂದು ನನ್ನ ಕೆಲಸನ ಆಗಿತ್ತು ತಮ್ಮಾ. ಒಂದ ದಿನ ಮರತಿಲ್ಲ. ಆದ್ರ ರೆಗ್ಯುಲೇಟರ್ ನನ್ನ ಕೈಗೆ ಯಾವತ್ತೂ ಬಂದಿರಲಿಲ್ಲ. ಡ್ರೈವರ್ ಆಗೂದ್ರಾಗ ಉಗಿ ಎಂಜಿನ್ನ ನಿಂತ್ಹೋದುವು. ಇವತ್ತ ಕೈಗೆ ಬಂತು ನೋಡು, ಉಳಿದದ್ದೆಲ್ಲಾ ಮರತೆ.”

ನನ್ನ ಹೆಂಡತಿ ಹೇಳಿದಳು, “ನೀರು ನಾ ನೋಡ್ತೇನ್ರಿ ಅಣ್ಣಾರ. ನೀವು ನಡಸ್ರಿ.”

ಬಾಯ್ಲರಿಗೆ ಏನೂ ಆಗಿರಲಿಲ್ಲ. ಅದಕ್ಕೆ ಮತ್ತೆ ಒತ್ತಡ ಕೊಟ್ಟು ಪರೀಕ್ಷಿಸಿ, ಓಡುವಾಗಲೇ ನೀರು ತುಂಬಲು ಕೈಪಂಪು ಕೂರಿಸಿದೆ. ಈಗ ನಾವು ಹಳಿಯಾಳದ ಸಂತೆಗೆ ಹೋದಾಗಲೆಲ್ಲ ಅಣ್ಣನ ಹೊಲಕ್ಕೂ ಹೋಗುತ್ತೇವೆ, ಅವರಿಬ್ಬರೂ ಎಂಜಿನ್ ಓಡಿಸುತ್ತಾರೆ. ಅವಳು ಗಾಜಿನಿಂದ ಕಣ್ಣು ತೆಗೆಯುವುದಿಲ್ಲ, ಅವರು ಹಳಿಯಿಂದ. ನಾನು ಹೊಲದ ತುಂಬ ತಿರುಗುತ್ತಿರುತ್ತೇನೆ. ಆ ಕಡೆ ಬದುವಿನ ಹತ್ತಿರ ನೆಲ ಸ್ವಲ್ಪ ಏರಿದೆ, ಅಲ್ಲಿಗೂ ಹಳಿ ಹಾಕಬಹುದು. ಅಣ್ಣನಿಗೆ ಹೇಳಿದರೆ, ಏರು ಹತ್ತಲು ಬೇಕೆಂದು ಮತ್ತೆ ಸಣ್ಣ ಗಾಲಿಯ ಮಾತು ತೆಗೆಯುತ್ತಾರೆ.